ಅಳತೆ ಮೊದಲು, ಕಪಾಟು ಆಮೇಲೆ

ಅಡುಗೆಕಟ್ಟೆಯ ಕೆಳಗೆ ಇಡಲು ನಾವು ಬಿಡಿ ಹಲಗೆಗಳ ಕಪಾಟು ತಂದೆವು. ಜೋಡಿಸಿ ಸ್ಕ್ರೂ ಬಿಗಿದೆವು. 14.2 ಕಿಲೋ ಗ್ಯಾಸಿನ ಸಿಲಿಂಡರ್ ಒಳಗೆ ಹೋಯಿತು. ರೆಗ್ಯುಲೇಟರ್ ಮಾತ್ರ ಕೂರಲಿಲ್ಲ! ಅದರ ಎತ್ತರ ನಾವು ಅಳೆದೇ ಇರಲಿಲ್ಲ.

‘ಮಲಗಿಸಿ ಇಡೋಣವಾ?’ ಅಂದರು ಅತ್ತೆ. ಬೇಡವೇ ಬೇಡ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಮತ್ತೆ ಸ್ಕ್ರೂ ಬಿಚ್ಚಿ ತಳದ ಹಲಗೆ ತೆಗೆದೆವು. ಎರಡು ಬೆರಳು ಜಾಗ ಸಿಕ್ಕಿತು.

ಇನ್ನೊಂದು ಮಾತು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತದೆ. ಮುಚ್ಚಿದ ಕಪಾಟಿನಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಅದಕ್ಕೇ ಬಡಗಿಯನ್ನು ಕರೆದು ಬಾಗಿಲಿನ ಕೆಳಗೂ ಮೇಲೂ ಗಾಳಿಕಿಂಡಿ ಕೊರೆಸಿದೆವು.

ವಾಸನೆ ಬಂತೇ? ದೀಪದ ಸ್ವಿಚ್ಚು ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ.