ಹೊಲಕ್ಕೂ ದೇವರು ರಜೆ ಕೊಟ್ಟರು (ಮಕ್ಕಳ ಸಂದೇಶ)

   

ಯಾಜಕಕಾಂಡ 25ನೇ ಅಧ್ಯಾಯ ತೆಗೆಯಿರಿ. ಭಾನುವಾರ ನಿಮಗೆ ಸ್ಕೂಲ್ ರಜೆ. ಹೊಲಕ್ಕೆ ರಜೆ ಇದೆಯಾ? ನಗ್ತಾ ಇದ್ದೀರಿ! ಆದರೆ ದೇವರು ಹೊಲಕ್ಕೂ ರಜೆ ಕೊಟ್ಟರು. ಆರು ವರ್ಷ ಬಿತ್ತಿ, ಏಳನೇ ವರ್ಷ ಭೂಮಿಯನ್ನು ಸುಮ್ಮನೆ ಬಿಡಬೇಕೆಂದು ಇಸ್ರಾಯೇಲ್ಯರಿಗೆ ಆಜ್ಞಾಪಿಸಿದರು. ಯಾಕೆ? 23ನೇ ವಚನ ನೋಡಿ. ಭೂಮಿ ದೇವರದು, ನಾವು ಅಲ್ಲಿ ಪರವಾಸಿಗಳು. ಬಾಡಿಗೆ ಮನೆಯ ಗೋಡೆ ಒಡೆದರೆ ಮನೆ ಮಾಲೀಕರು ಸುಮ್ಮನಿರ್ತಾರಾ?

ಮಣ್ಣನ್ನು ದಣಿಸಿದರೆ ಏನಾಗುತ್ತೆ ಅಂತ ಹೇಳ್ತೀನಿ, ಕೇಳಿ. ತುಂಗಭದ್ರಾ ಕಾಲುವೆ ನೀರು ಹರಿಯುವ ಸಿಂಧನೂರು, ಗಂಗಾವತಿ ಕಡೆ ಎಷ್ಟೋ ಗದ್ದೆಗಳಲ್ಲಿ ವರ್ಷಕ್ಕೆ ಎರಡು ಸಲ ಭತ್ತ ಬೆಳೆಯುತ್ತಾರೆ. ನೀರು ನಿಂತೇ ಇದ್ದರೆ ನೆಲದೊಳಗಿನ ಉಪ್ಪು ನೀರಿನ ಜೊತೆ ಮೇಲೆ ಬರುತ್ತೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹೊಲದ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ! ರೈತರು ಇದನ್ನು ಸವಳು ಅಂತಾರೆ. ಅಲ್ಲಿ ಬೇರು ನೀರು ಹೀರೋಕೆ ಆಗೋದಿಲ್ಲ, ಪೈರು ಬಾಡುತ್ತೆ. ಅನ್ನ ಕೊಟ್ಟ ಹೊಲವೇ ಬೀಳು ಬೀಳುತ್ತೆ.

ನೀರು ಕೆಟ್ಟದ್ದಲ್ಲ ಮಕ್ಕಳೇ, ನೀರು ದೇವರ ವರ. ಹದವಾಗಿ ಹಾಯಿಸಿ, ಹೆಚ್ಚಾದ ನೀರಿಗೆ ಬಸಿಗಾಲುವೆ ತೋಡಿದರೆ ಅದೇ ನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತೆ. ಆದರೆ ಸಾಕು ಎನ್ನದ ಆಸೆ ಮಣ್ಣನ್ನೂ ಕೊಲ್ಲುತ್ತೆ, ಆತ್ಮವನ್ನೂ ಕೊಲ್ಲುತ್ತೆ.

ಇಸ್ರಾಯೇಲ್ಯರು ದೇವರ ಮಾತು ಕೇಳಲಿಲ್ಲ. ಬಾಬೆಲಿಗೆ ಸೆರೆಯಾಗಿ ಹೋದರು. ಆಗ ಏನಾಯಿತು? 2 ಪೂರ್ವಕಾಲವೃತ್ತಾಂತ 36:21 ಓದಿ. ಜನರು ಕೊಡದೆ ಹೋದ ವಿಶ್ರಾಂತಿಯನ್ನು ಭೂಮಿ 70 ವರ್ಷ ಅನುಭವಿಸಿತು. ಮನುಷ್ಯರು ಮರೆತರು, ಕರ್ತನು ಮಣ್ಣಿನ ಲೆಕ್ಕವನ್ನು ಮರೆಯಲಿಲ್ಲ!

ಆದಾಮನನ್ನು ದೇವರು ಮಣ್ಣಿನಿಂದಲೇ ಮಾಡಿದರು. ಏದೆನ್ ತೋಟದಲ್ಲಿ ಅವನಿಗೆ ಎರಡು ಕೆಲಸ ಕೊಟ್ಟರು: ವ್ಯವಸಾಯ ಮಾಡೋದು, ಕಾಯೋದು. ನಾವು ಮೊದಲನೆಯದನ್ನು ಮಾಡ್ತೀವಿ, ಎರಡನೆಯದನ್ನು ಮರೀತೀವಿ.

ಈ ವಾರ ನಿಮ್ಮ ಕೆಲಸ ಇದು. ತರಕಾರಿ ಸಿಪ್ಪೆ ಕಸದ ಕವರಿಗೆ ಹಾಕಬೇಡಿ, ಗಿಡದ ಬುಡಕ್ಕೆ ಗುಂಡಿ ತೋಡಿ ಮುಚ್ಚಿ. ಚಾಕೊಲೇಟ್ ಪೇಪರ್ ನೆಲಕ್ಕೆ ಬಿಸಾಡಬೇಡಿ. ಊರಲ್ಲಿ ಹೊಲ ಇರುವವರು ಅಜ್ಜನ ಹತ್ತಿರ ಕೇಳಿ: "ಅಜ್ಜಾ, ನಮ್ಮ ಮಣ್ಣು ಚೆನ್ನಾಗಿದೆಯಾ?" ಬಾಯಿಪಾಠಕ್ಕೆ ಕೀರ್ತನೆ 24:1.

ಎಲ್ಲರೂ ಕಣ್ಣು ಮುಚ್ಚಿ. ತಂದೆಯೇ, ನೀನು ಕೊಟ್ಟ ಮಣ್ಣಿಗಾಗಿ ಸ್ತೋತ್ರ. ಅದನ್ನು ಕಾಯುವ ಮಕ್ಕಳನ್ನಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.