ಗೇರ್‌ಬಾಕ್ಸ್ ಇಳಿಸುವ ಮುಂಚೆ

ಜೂನ್ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಹಳೆ ಪಿಕಪ್‌ಗಳ ಕಾಯಿಲೆಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಬೇಸಿಗೆಯಿಡೀ ಮುಟ್ಟದ ಫೋರ್ ವೀಲ್ ಲಿವರನ್ನು ಕೆಸರಲ್ಲಿ ಹೂತ ದಿನ ಎಳೆದರೆ ಅದು ಅಲ್ಲಾಡುವುದೇ ಇಲ್ಲ. ರಿವರ್ಸ್ ಹಾಕಿದರೆ ಕರ್ರ್ ಎನ್ನುತ್ತದೆ. ಗ್ಯಾರೇಜಿನಲ್ಲಿ ಕೇಳುವ ಮೊದಲ ಮಾತು, ‘ಗೇರ್‌ಬಾಕ್ಸ್ ಇಳಿಸಬೇಕು ಸಾರ್.’ ಇಳಿಸಬೇಕಾಗಿಯೂ ಬರಬಹುದು. ಆದರೆ ಎಷ್ಟೋ ಸಲ ತೊಂದರೆ ಬಾಕ್ಸಿನ ಹೊರಗೇ ಇರುತ್ತದೆ: ಕ್ಲಚ್ಚಿನಲ್ಲಿ, ಆಯಿಲ್‌ನಲ್ಲಿ, ಮುಂದಿನ ಹಬ್‌ನಲ್ಲಿ. ಅಷ್ಟನ್ನು ಒಂದು ಭಾನುವಾರ ನೀವೇ ನೋಡಬಹುದು. ಭಯಪಡಬೇಡಿ, ಇವತ್ತು ಗೇರ್‌ಬಾಕ್ಸ್ ಬಿಚ್ಚುವುದಿಲ್ಲ.

ಇಲ್ಲಿ ಹೇಳುವುದು ಕೈಯಲ್ಲಿ ಎಳೆಯುವ ಲಿವರ್, ಕೈಯಲ್ಲಿ ತಿರುಗಿಸುವ ಹಬ್ ಇರುವ ಗಾಡಿಗಳಿಗೆ. ಬಟನ್ ಒತ್ತಿ ಫೋರ್ ವೀಲ್ ಹಾಕುವ ಗಾಡಿಗಳ ಕಥೆ ಬೇರೆ.

ಬೇಕಾದ್ದು ಇಷ್ಟು: ಸ್ಪ್ಯಾನರ್ ಸೆಟ್, ಟಾರ್ಚ್, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆ ಬಟ್ಟೆ, ಒಂದು ಹಳೆ ಬೇಸಿನ್, ದಪ್ಪ ಕಲ್ಲುಗಳು. ಜೊತೆಗೆ ಹೇಳಿದ ಮಾತು ಕೇಳುವ ಒಬ್ಬರು.

1. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ‘ಗೇರಲ್ಲಿ ಇಟ್ಟಿದ್ದೀನಲ್ಲ’ ಅಂತ ಬಿಡಬೇಡಿ. ಟ್ರಾನ್ಸ್‌ಫರ್ ಕೇಸ್ (ಫೋರ್ ವೀಲ್ ಲಿವರ್ ಆಡಿಸುವ ಪೆಟ್ಟಿಗೆ) ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಗಾಡಿಯನ್ನು ಹಿಡಿಯುವುದಿಲ್ಲ. ಹೊಸಬರು ಜಾರುವ ಮೊದಲ ಜಾಗವೇ ಇದು.

2. ಇಂಜಿನ್ ಆಫ್ ಇರುವಾಗ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಸಲೀಸಾಗಿ ಬೀಳುತ್ತವೆಯೇ? ಈಗ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ರಿವರ್ಸ್ ಹಾಕಿ. ಆಫ್ ಇದ್ದಾಗ ಬಿದ್ದ ಗೇರ್ ಈಗ ಕರ್ರ್ ಎಂದರೆ ಮೊದಲು ಕ್ಲಚ್ ಮೇಲೆ ಅನುಮಾನಪಡಿ. ಒತ್ತಿದರೂ ಅದು ಪೂರ್ತಿ ಬಿಡುತ್ತಿಲ್ಲ. ಓಡುವಾಗ ಒಂದೇ ಗೇರ್, ಉದಾಹರಣೆಗೆ ಸೆಕೆಂಡ್ ಮಾತ್ರ ಕರಕರ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರಬಹುದು. ಅದು ಬಾಕ್ಸಿನ ಒಳಗಿನ ಕೆಲಸ, ಗ್ಯಾರೇಜಿಗೆ ಬಿಡಿ.

3. ಮತ್ತೆ ನ್ಯೂಟ್ರಲ್‌ಗೆ ತಂದು ಕಿವಿಗೊಡಿ. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ನೋಡಿಸಿ. ಈಗ ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ.

4. ಕ್ಲಚ್ ಆಯಿಲ್ ಡಬ್ಬಿ ನೋಡಿ. ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದಿರುವ ಬ್ರೇಕ್ ಫ್ಲೂಯಿಡ್ ಮಾತ್ರ ಹಾಕಿ. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಊದಿಕೊಂಡು ಕೆಡುತ್ತದೆ. ಪೆಡಲ್ಲನ್ನು ಮೂರು ಸಲ ಪಂಪ್ ಮಾಡಿದಾಗ ಮಾತ್ರ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರ್ ಸೋತಿದೆ. ಕೇಬಲ್ ಅಥವಾ ರಾಡ್ ಇರುವ ಗಾಡಿಯಾದರೆ ಪೆಡಲ್‌ನ ಫ್ರೀ ಪ್ಲೇ ಅಳೆಯಿರಿ. ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಕೊನೆಯ ಮಾತು.

5. ಗೇರ್ ಆಯಿಲ್ ನೋಡಿ. ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್ ಬಿಚ್ಚಿ, ಬೆರಳು ತೂರಿಸಿ. ತೂತಿನ ಕೆಳ ಅಂಚಿನವರೆಗೆ ಆಯಿಲ್ ತಾಗಬೇಕು. ಬದಲಿಸುವುದಾದರೂ ಮೊದಲು ಬಿಚ್ಚಬೇಕಾದ್ದು ಇದೇ ಪ್ಲಗ್. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ತಿರುಗದಿದ್ದರೆ, ಗಾಡಿ ಅಲ್ಲೇ!

ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬಿಸಿಯಾದ ಬಾಕ್ಸ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ; ಬ್ರೀದರ್ (ಬಾಕ್ಸ್ ಉಸಿರಾಡುವ ತೂತು) ಕಟ್ಟಿಕೊಂಡಿದ್ದರೆ ಹಳೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಬದಲಿಸಿ, ಬ್ರೀದರ್ ಬಿಡಿಸಿ. ತಳದಲ್ಲಿ ನುಣ್ಣನೆ ಬೂದು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಲೋಹದ ಚೂರು ಸಿಕ್ಕರೆ ಚಿಂತೆ. ಅಂಗಡಿಯವರು ಜಿಎಲ್-5 ‘ಇನ್ನೂ ಒಳ್ಳೇದು’ ಎಂದು ಕೊಟ್ಟರೆ ಸುಮ್ಮನೆ ತರಬೇಡಿ. ಪುಸ್ತಕ ಜಿಎಲ್-4 ಎಂದರೆ ಅದನ್ನೇ ಹಾಕಿ. ಜಿಎಲ್-5ರಲ್ಲಿರುವ ಹೆಚ್ಚಿನ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗಿಬರುವುದಿಲ್ಲ. ಟ್ರಾನ್ಸ್‌ಫರ್ ಕೇಸಿಗೆ ಬೇರೆ ಪ್ಲಗ್ ಇರುತ್ತದೆ, ಮರೆಯಬೇಡಿ.

6. ಈಗ ಫೋರ್ ವೀಲ್. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಖರ್ಚಿಲ್ಲ, ಜ್ಯಾಕ್ ಬೇಡ. ಗೇರ್ ನ್ಯೂಟ್ರಲ್, ಲಿವರ್ 2H (ಎರಡೇ ಚಕ್ರಕ್ಕೆ ಎಳೆತ), ಎರಡೂ ಹಬ್ ಫ್ರೀ. ಗಾಡಿಯಡಿ ಕೈಹಾಕಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಿ. ತಿರುಗಬೇಕು.

7. ಜೊತೆಗಾರರಿಗೆ ಲಿವರನ್ನು 4Hಗೆ (ನಾಲ್ಕೂ ಚಕ್ರಕ್ಕೆ ಎಳೆತ) ತಳ್ಳಲು ಹೇಳಿ. ಬೀಳದಿದ್ದರೆ ನೀವು ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಿ, ಹಲ್ಲಿಗೆ ಹಲ್ಲು ಕೂಡಿದಾಗ ಬೀಳುತ್ತದೆ. ಈಗ ಶಾಫ್ಟ್ ಬಿಗಿಯಾಗಬೇಕು. ಒಂಚೂರು ಲೂಸ್ ಆಡಿದರೆ ಪರವಾಗಿಲ್ಲ. ಇನ್ನೂ ಸಲೀಸಾಗಿ ತಿರುಗುತ್ತಿದೆಯೇ? ಹಾಗಾದರೆ ಲಿವರಿನ ಕೆಳಗಿನ ಕೀಲು, ಪಿನ್‌ಗಳನ್ನು ತೊಳೆದು, ಎಣ್ಣೆ ಬಿಟ್ಟು, ಮತ್ತೆ ನೋಡಿ. ಕೆಸರು ಒಣಗಿ ಸಿಮೆಂಟಿನಂತಾಗಿರುತ್ತದೆ. ಆಮೇಲೂ ತಿರುಗಿದರೆ ತೊಂದರೆ ಟ್ರಾನ್ಸ್‌ಫರ್ ಕೇಸಿನ ಒಳಗಿದೆ.

8. ಮತ್ತೆ 2Hಗೆ ಬನ್ನಿ. ಎರಡೂ ಹಬ್ ಲಾಕ್ ಮಾಡಿ, ಶಾಫ್ಟ್ ತಿರುಗಿಸಿ. ಈಗಲೂ ಬಿಗಿಯಾಗಬೇಕು. ತಿರುಗುತ್ತಲೇ ಇದ್ದರೆ ಒಂದಾದರೂ ಹಬ್ ಹಿಡಿಯುತ್ತಿಲ್ಲ. ಒಂದು ಹಿಡಿದು ಇನ್ನೊಂದು ಬಿಟ್ಟರೂ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಬಿಟ್ಟ ಕಡೆಗೇ ಕಳೆಯುತ್ತದೆ.

9. ಹಬ್ ಹಿಡಿಯದಿದ್ದರೆ ಅದರ ಕ್ಯಾಪಿನ ಬೋಲ್ಟ್ ಬಿಚ್ಚಿ. ಪ್ರತಿ ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೋ ತೆಗೆದು, ಅದೇ ಸಾಲಿನಲ್ಲಿ ಬಟ್ಟೆ ಮೇಲೆ ಜೋಡಿಸಿ. ಗಟ್ಟಿಯಾದ ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಹೊಸ ಗ್ರೀಸ್ ತೆಳ್ಳಗೆ ಸವರಿ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ಧಾರಾಳವಾಗಿ ತುಂಬಿದರೆ ಮುಂದಿನ ಮಳೆಗಾಲಕ್ಕೆ ಇದೇ ಕೆಲಸ ಮತ್ತೆ.

10. ಕಲ್ಲು ತೆಗೆದು, ಹಬ್ ಲಾಕ್ ಮಾಡಿ, 4H ಹಾಕಿ ಮಣ್ಣುದಾರಿಯಲ್ಲಿ ಓಡಿಸಿ ನೋಡಿ. ಒಣ ಟಾರ್ ರಸ್ತೆ ಬೇಡ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು; ಟಾರ್ ಮೇಲೆ ಚಕ್ರ ಜಾರಿಕೊಳ್ಳಲಾಗದೆ ಶಾಫ್ಟುಗಳು ತಿರುಚಿಕೊಂಡು ಲಿವರ್ ಕಚ್ಚಿಕೊಳ್ಳುತ್ತದೆ. ಹಾಗೇನಾದರೂ ಕಚ್ಚಿಕೊಂಡರೆ ಕಾಲು ಕೊಟ್ಟು ಒದೆಯಬೇಡಿ. ಸ್ಟೀರಿಂಗ್ ನೇರ ಮಾಡಿ, ರಿವರ್ಸ್‌ನಲ್ಲಿ ಹತ್ತಿಪ್ಪತ್ತು ಅಡಿ ನಿಧಾನವಾಗಿ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಬಿಡುತ್ತದೆ.