ಎರಡೂ ಮೊಣಕಾಲು ಒಮ್ಮೆಗೇ ಬದಲಿಸಬೇಕೇ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಭಕ್ತರ ಮನೆಗಳಲ್ಲಿ ಅರವತ್ತು ದಾಟಿದ ತಾಯಂದಿರನ್ನು ಕುಶಲ ವಿಚಾರಿಸಿದರೆ ಮೊದಲು ಕೇಳಿಬರುವುದು ಮೊಣಕಾಲಿನ ನೋವು. ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಬಾಗಿ ಭತ್ತ ನಾಟಿ ಮಾಡಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಸವೆದ ಕಾಲುಗಳವು. ವ್ಯಾಯಾಮ, ತೂಕ ಇಳಿಕೆ, ಔಷಧ ಯಾವುದರಿಂದಲೂ ಫಲ ಕಾಣದೆ ರಾತ್ರಿಯ ನಿದ್ರೆಯೂ ಕೆಟ್ಟಾಗ ವೈದ್ಯರು ಕೀಲು ಬದಲಾವಣೆಯನ್ನು ಸೂಚಿಸುತ್ತಾರೆ. ಆಗ ಮಕ್ಕಳ ಮಾತು ಬಹುಮಟ್ಟಿಗೆ ಒಂದೇ: "ಎರಡೂ ಒಮ್ಮೆಗೇ ಮುಗಿದುಬಿಡಲಿ."

ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಒಂದೇ ಅರಿವಳಿಕೆ, ಒಂದೇ ಬಾರಿ ಆಸ್ಪತ್ರೆವಾಸ, ಒಂದೇ ಬಾರಿ ಚೇತರಿಕೆಯ ಕಷ್ಟ. ಎರಡೂ ಕಾಲು ತೀರ ಸೊಟ್ಟಗಾಗಿದ್ದರೆ ಒಂದನ್ನಷ್ಟೇ ನೆಟ್ಟಗೆ ಮಾಡಿದಾಗ ನಡಿಗೆಯ ಅಭ್ಯಾಸಕ್ಕೆ ಇನ್ನೊಂದು ಅಡ್ಡಿಯಾಗುವುದೂ ಉಂಟು. ಆದರೆ ಖರ್ಚು ಅರ್ಧವಾಗುವುದೆಂಬ ಎಣಿಕೆ ಸರಿಯಲ್ಲ. ಕೃತಕ ಕೀಲಿನ ಬೆಲೆಗೆ ಕೇಂದ್ರ ಸರಕಾರವು 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆಯಾದರೂ, ಒಮ್ಮೆಗೇ ಮಾಡಲಿ, ಬೇರೆ ಬೇರೆ ಮಾಡಲಿ, ಕೀಲುಗಳು ಎರಡೇ ಬೇಕು. ಉಳಿಯುವುದು ಕೊಠಡಿ, ಅರಿವಳಿಕೆ, ಓಡಾಟದ ವೆಚ್ಚ ಮಾತ್ರ.

ಅಪಾಯದ ಲೆಕ್ಕ ಬೇರೆಯೇ ಇದೆ. ಒಮ್ಮೆಗೇ ಮಾಡಿದಾಗ ರಕ್ತ ಹೆಚ್ಚು ಹೋಗುತ್ತದೆ. ಹೊರಗಿನಿಂದ ರಕ್ತ ಕೊಡಬೇಕಾಗುವ ಸಂಭವ ಹೆಚ್ಚು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸೇರುವ ಭಯವೂ, ಹೃದಯದ ಮೇಲಿನ ಭಾರವೂ ಅಧಿಕ. ಆದ್ದರಿಂದ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಕಾಯಿಲೆಯುಳ್ಳವರಿಗೆ, ಎಪ್ಪತ್ತೈದರ ಆಸುಪಾಸಿನವರಿಗೆ, ಸಕ್ಕರೆ ಹತೋಟಿಗೆ ಬಾರದವರಿಗೆ, ತೀರ ಸ್ಥೂಲಕಾಯರಿಗೆ ಬೇರೆ ಬೇರೆಯಾಗಿ ಮಾಡಿಸುವುದೇ ಕ್ಷೇಮ. ನಡುವೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಅಂತರವಿರಬೇಕು. ಅಟಲ್ ಬಿಹಾರಿ ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ರ ಅಕ್ಟೋಬರಿನಲ್ಲಿ ಎಡಗಾಲಿಗೂ, 2001ರ ಜೂನ್‌ನಲ್ಲಿ ಬಲಗಾಲಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ದೇಶದ ಆಡಳಿತ ನಡೆಸುವವರಿಗೇ ಎಂಟು ತಿಂಗಳ ಬಿಡುವು ದೊರೆತಾಗ, ನಮ್ಮ ಮನೆಯ ಹಿರಿಯರಿಗೆ ಅವಸರವೇಕೆ?

ಒಮ್ಮೆಗೇ ಮಾಡಿಸುವುದೇ ಆದರೆ ತೀವ್ರ ನಿಗಾ ಘಟಕವೂ ರಕ್ತದ ಸೌಲಭ್ಯವೂ ಇರುವ ಆಸ್ಪತ್ರೆಯನ್ನೇ ಆರಿಸಬೇಕು. ಎರಡರಲ್ಲಿ ಯಾವುದೇ ಆದರೂ ಮೊದಲೇ ಹೃದಯದ ಪರೀಕ್ಷೆ, ಮೂರು ತಿಂಗಳ ಸಕ್ಕರೆಯ ಸರಾಸರಿ ನೋಡಿಸಬೇಕು. ಹುಳುಕು ಹಲ್ಲು, ಕಾಲಿನ ಹುಣ್ಣುಗಳನ್ನು ವಾಸಿ ಮಾಡಿಕೊಳ್ಳಬೇಕು. ಅಲ್ಲಿನ ಸೋಂಕು ಹೊಸ ಕೀಲಿಗೆ ತಗುಲಬಲ್ಲದು.

ಮನೆಯವರು ಮರೆಯುವ ಸಂಗತಿಯೊಂದಿದೆ. ಎರಡೂ ಕಾಲಿಗೆ ಆದವರಿಗೆ ಮೊದಲ ವಾರಗಳಲ್ಲಿ ಊರಿ ನಿಲ್ಲಲು ಗಟ್ಟಿ ಕಾಲೇ ಇರುವುದಿಲ್ಲ. ಹಗಲಿರುಳು ಒಬ್ಬರು ಜೊತೆಗಿರಬೇಕು. ನಾಟಿ, ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಉಳಿಯುವವರು ಯಾರು? ದಿನ ಗೊತ್ತು ಮಾಡುವ ಮುನ್ನ ಇದನ್ನು ಯೋಚಿಸಬೇಕು. ಕುರ್ಚಿಯಂಥ ಶೌಚಾಸನ ಮೊದಲೇ ಸಿದ್ಧವಿರಲಿ. ಇನ್ನು ನೆಲದ ಮೇಲೆ ಪದ್ಮಾಸನ ಹಾಕುವುದು ಹೊಸ ಕೀಲಿಗೆ ಒಗ್ಗದು. ಕುರ್ಚಿಯಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಿದರೆ ದೋಷವೇ ಎಂದು ತಾಯಂದಿರು ಸಂಕೋಚದಿಂದ ಕೇಳುತ್ತಾರೆ. ಲಿಂಗವಿರುವುದು ಅಂಗೈಯಲ್ಲಿ, ಆಸನ ಯಾವುದಾದರೇನು?

ಮನೆಗೆ ಬಂದ ಮೇಲೆ ಮೀನಖಂಡ ಬಾತು ನೋಯತೊಡಗಿದರೆ, ಗಾಯದಿಂದ ಕೀವು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಏಕಾಏಕಿ ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.